ಹೊಟ್ಟೆಗೆ ಬೋರ್‌ವೆಲ್

ಕಸುಬಿನ ಜಂಬ ಒಮ್ಮೆ ತಲೆಗೆ ಹತ್ತಿದರೆ ಆಸ್ಪತ್ರೆ ಮಂಚದ ಮೇಲೂ ಇಳಿಯುವುದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹಾರೆ ಹಿಡಿದವ ನಾನು. ವಂಡ್ಸೆ ಸುತ್ತಮುತ್ತ ನಾನು ತೋಡಿದ ಬಾವಿಗೆ ಇಣುಕಿದರೆ ನಿಮ್ಮ ಮುಖ ಪೂರ್ತಿ ಕಾಣುತ್ತದೆ. ಬೋರ್‌ವೆಲ್ಲಿನಲ್ಲಿ ಏನು ಕಾಣುತ್ತದೆ? ಒಳಗಿಳಿಯದೆ, ಮೇಲೆ ನಿಂತು ತೂತು ಕೊರೆಯುವುದೂ ಒಂದು ಕೆಲಸವೇ? ಬೋರ್‌ವೆಲ್ ಲಾರಿ ಇಟ್ಟಿರುವ ನನ್ನ ಹೆಂಡತಿಯ ಅಣ್ಣ ರಾಘು ಭಾವನಿಗೆ ಇದನ್ನು ಪ್ರತಿ ಮದುವೆಯೂಟದಲ್ಲೂ ಕೇಳಿದ್ದೇನೆ.

ಕಕ್ಕಸಿನಲ್ಲಿ ರಕ್ತ ಕಂಡಾಗ ‘ಉಷ್ಣ’ ಎಂದುಕೊಂಡೆ. ನಮ್ಮಲ್ಲಿ ಯಾವ ಕಾಯಿಲೆಗೂ ಉಷ್ಣವೇ ಕಾರಣ, ಬೊಂಡದ ಎಳನೀರೇ ಮದ್ದು. ಮರದಲ್ಲಿ ಬೊಂಡ ಮುಗಿಯಿತು, ರಕ್ತ ನಿಲ್ಲಲಿಲ್ಲ. ಕೊನೆಗೆ ಹೆಂಡತಿ ಗಿರಿಜಾ ಆಸ್ಪತ್ರೆಗೆ ಎಳೆದೊಯ್ದಳು. ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆ! ಡಾಕ್ಟರು, “ಹೊಟ್ಟೆ ಅಗಲ ಕೊಯ್ಯುವುದಿಲ್ಲ. ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ತೆಗೆಯುತ್ತೇವೆ” ಎಂದರು. ಅಲ್ಲಿಯವರೆಗೆ ಧೈರ್ಯವಾಗಿ ಕೂತಿದ್ದವ ತೂತು ಎಂದ ಕೂಡಲೇ ಎದ್ದು ನಿಂತೆ. ಚೂರು ಒಳಗೇ ಉಳಿದು ಮತ್ತೆ ಬೆಳೆದರೆ?

“ಹ್ವಾಯ್ ಡಾಕ್ಟ್ರೇ, ಅದೆಲ್ಲ ಬ್ಯಾಡ. ಸಮಾ ಅಗಲ ಮಾಡಿ ಕೊಯ್ನಿ. ಒಳ್ಗ್ ಕೈ ಹಾಕ್ದೆ ತಳ ಕ್ಲೀನ್ ಆಯ್ತ್ ಅಂದ್ ಹ್ಯಾಂಗ್ ಗೊತ್ತಾತ್ತ್?”

“ನಿಮ್ಗ್ ಮಂಡೆ ಸಮ ಇಲ್ಯಾ?” ಎಂದಳು ಗಿರಿಜಾ. “ಅದ್ ಹೊಟ್ಟಿ. ಸಿಮೆಂಟ್ ರಿಂಗ್ ಇಳ್ಸೂಕಿತ್ತಾ?”

ಪುಣ್ಯಾತ್ಮ ಡಾಕ್ಟರು ನಗದೆ, ಇಂಥದೇ ಒಂದು ಆಪರೇಷನ್ನಿನ ವಿಡಿಯೋ ತೋರಿಸಿದರು. ಟಾರ್ಚ್ ಹಿಡಿದು ಇಳಿದರೂ ಬಾವಿಯ ತಳ ನನಗೆ ಅಷ್ಟು ಸ್ಪಷ್ಟವಾಗಿ ಕಂಡದ್ದಿಲ್ಲ. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ.

ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಕಾಂಬುಕೆ, ನೋಡಿಕೊಂಡು ಹೋಗಲು, ಬಂದವರದೇ ಸಂತೆ. ಕಿತ್ತಳೆ ಕೊಟ್ಟವರಿಗೆ ಗಾಯ ತೋರಿಸುವುದು ಮರ್ಯಾದೆ. ಅಂಗಿ ಎತ್ತಿದರೆ ಎಲ್ಲರ ಮುಖವೂ ಸಪ್ಪೆ. “ಇಷ್ಟೇಯಾ? ನಮ್ಮ ಅಪ್ಪಯ್ಯಂಗೆ ಎದೆಯಿಂದ ಹೊಕ್ಕುಳ ತನಕ ಕೊಯ್ದಿದ್ರ್!” ಎಂದ ಪಕ್ಕದ ಮನೆಯವ, ಕೊಟ್ಟ ಕಿತ್ತಳೆಯನ್ನೇ ಒಂದು ಸುಲಿದು ತಿನ್ನುತ್ತ.

ಆಮೇಲೆ ಗಡ್ಡೆ ಪರೀಕ್ಷೆಯ ರಿಪೋರ್ಟು ಬಂತು. ಗಡ್ಡೆ ಪೂರ್ತಿ ಹೊರಗೆ ಬಂದಿದೆ, ಅಂಚಿನಲ್ಲೂ ಏನೂ ಉಳಿದಿಲ್ಲ. ಗಿರಿಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದೇ ಹೊತ್ತಿಗೆ ಬರಬೇಕೇ ರಾಘು ಭಾವ!

“ಹ್ವಾಯ್ ಭಾವಾ, ಬೋರ್ ಸಮಾ ಬಿದ್ದಿತ್ತಲೆ!”

“ಡಾಕ್ಟ್ರ್ ತಳ ಕಂಡ್ಕಂಡೇ ಕೆಲ್ಸ ಮಾಡದ್ದ್. ನಿಮ್ಮ ಬೋರಿಗೆ ಕ್ಯಾಮೆರಾ ಇತ್ತಾ?” ಎಂದೆ.

“ಇತ್ತಲೆ. ಹ್ವಾದ್ ವರ್ಷವೇ ತಂದದ್ದ್. ನೀವ್ ಒಂದಿನ ಕಾಂಬುಕ್ ಬಂದ್ರಲ್ದಾ ಗೊತ್ತಾಪ್ದ್?”

ಹೊಲಿಗೆ ನೋಯುತ್ತಿದೆ ಎಂದು ನರಳಿ, ಗೋಡೆ ಕಡೆ ತಿರುಗಿ ಮಲಗಿದೆ. ಹೊಲಿಗೆ ಬಿಚ್ಚಿ ವಾರವಾಗಿದೆ ಎಂದು ಗಿರಿಜಾ ಹೇಳಲಿಲ್ಲ. ಎಷ್ಟೆಂದರೂ ಅವಳು ನನ್ನ ಮರ್ಯಾದೆ ಕಾಯುವವಳೇ.