ಅಜ್ಜಿಯ ಒಗೆಯೋ ಕಲ್ಲಿಗೆ ಮೂವರು ಸಂಶೋಧಕರು

ಸಂಶೋಧಕರ ಜೊತೆ ಹಳ್ಳಿಗೆ ಹೋದ ದಿನ ನಗದೆ ಮನೆಗೆ ಬಂದದ್ದು ನನಗಂತೂ ನೆನಪಿಲ್ಲ. ಹೋಗುವಾಗ ಬಹಳ ಗಂಭೀರವಾಗಿಯೇ ಹೋಗುತ್ತೇವೆ: ಹತ್ತು ಪುಟದ ಪ್ರಶ್ನಾವಳಿ, ಎರಡು ಪೆನ್ನು, ಒಂದು ಕೊಡೆ. ಬರುವಾಗ ಪ್ರಶ್ನಾವಳಿ ಒಂದೇ ಗಂಭೀರವಾಗಿ ಉಳಿದಿರುತ್ತದೆ.

ನಾನು ಹುಣಸೂರಿನವಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಎಷ್ಟು ವರ್ಷದಿಂದ ಅತಿಥಿ ಎಂದರೆ, ಮನೆಗೆ ಬಂದ ನೆಂಟರು ಇಷ್ಟು ದಿನ ಉಳಿದಿದ್ದರೆ ಪಾತ್ರೆ ತಿಕ್ಕಲು ಹಚ್ಚಿಬಿಡುತ್ತಿದ್ದೆವು. ರಜೆ ಬಂದರೆ ಇನ್ನೊಂದು ಕೆಲಸ. ಊರೂರಿಗೆ ಸಂಶೋಧನೆಗೆಂದು ಬರುವವರನ್ನು ಕರೆದುಕೊಂಡು ಹೋಗಿ, ಅವರು ಕೇಳುವುದು ಜನಕ್ಕೂ ಜನ ಹೇಳುವುದು ಅವರಿಗೂ ತಿಳಿಯುವ ಹಾಗೆ ಮಾಡುವುದು. ಪಿರಿಯಾಪಟ್ಟಣದ ಕಡೆ ಮಣ್ಣು ಪರೀಕ್ಷೆಯವರಿಗೆ ದಾರಿ ತೋರಿಸಿದ್ದೇನೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಕೊಕ್ಕರೆ ಎಣಿಸುವವರಿಗೆ ಕೊಡೆ ಹಿಡಿದಿದ್ದೇನೆ. ಅವರ ಪುಸ್ತಕದ ಕೊನೆಯ ಪುಟದಲ್ಲಿ ‘ಸ್ಥಳೀಯವಾಗಿ ನೆರವಾದವರು’ ಎಂದು ಇರುತ್ತದಲ್ಲ, ಅದು ನಾನು. ನಮ್ಮ ಯಜಮಾನರು ಹೇಳುವುದು ಹೀಗೆ: "ನಿನ್ನ ಜೊತೆ ಸುತ್ತಿದವರಿಗೆಲ್ಲ ಡಾಕ್ಟರೇಟ್ ಬಂತು. ನಿನಗೆ ಮಂಡಿನೋವು ಬಂತು."

ಈಗ ಹೇಳಹೊರಟಿರುವುದೆಲ್ಲ ನಡೆದದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಹಂಪಾಪುರದ ಹತ್ತಿರದ ಹಳ್ಳಿಯೊಂದರ ಒಂದೇ ಒಂದು ಹಿತ್ತಲಿನಲ್ಲಿ. ಅಲ್ಲಿ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಒಂದು ಬಟ್ಟೆ ಒಗೆಯೋ ಕಲ್ಲು. ಮನೆಯ ಯಜಮಾನಿಗೆ ಎಪ್ಪತ್ತು ದಾಟಿದೆ, ಊರಿಗೆಲ್ಲ ಅಜ್ಜಿ. ವೈದ್ಯಕೀಯ, ಇತಿಹಾಸ, ಜೀವವಿಜ್ಞಾನ ಮೂರೂ ಒಂದರ ಹಿಂದೊಂದು ಬಂದು ಆ ಕಲ್ಲಿಗೇ ಎಡವಿದವು. ಅಜ್ಜಿಯ ಹಟ ಒಂದೇ: ಯಾರು ಏನು ಬೇಕಾದರೂ ಬರೆದುಕೊಳ್ಳಲಿ, ಕಲ್ಲು ಮಾತ್ರ ಇದ್ದ ಕಡೆಯೇ ಇರಬೇಕು.

ವ್ಯಾಯಾಮ: ಇಲ್ಲ

ಮೊದಲು ಬಂದದ್ದು ಮೈಸೂರಿನ ಕಡೆಯ ಒಬ್ಬ ಡಾಕ್ಟರ್ ಹುಡುಗಿ. ಹಳ್ಳಿಯ ಹೆಂಗಸರ ಬಿಪಿ ಬಗ್ಗೆ ಅಧ್ಯಯನ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಹೆಸರು ಆರಿಸಿದ್ದರು, ಒಬ್ಬೊಬ್ಬರಿಗೂ ಒಂದೊಂದು ನಂಬರು. ಅಜ್ಜಿಯ ಹೆಸರು ಬಂದಿತ್ತು. ಪಕ್ಕದ ಮನೆಯಲ್ಲೇ ಇರುವ ಅಜ್ಜಿಯ ವಾರಗಿತ್ತಿಯ ಹೆಸರು ಬಂದಿರಲಿಲ್ಲ. ಆಕೆ ಗೋಡೆಯ ಆಚೆಯಿಂದಲೇ ಶುರು ಮಾಡಿದರು.

"ಒಂದೇ ಮನೆಗೆ ಸೊಸೇರಾಗಿ ಬಂದೋರು. ಒಂದೇ ಉಪ್ಪು ತಿಂದೋರು. ಅವ್ಳ ಬಿಪಿ ಮಾತ್ರ ಬರ್ಕೊಂಡೋಯ್ತೀರಲ್ಲ, ನನ್ ಬಿಪಿಗೇನ್ ಕಮ್ಮಿ ಆಗದೆ?"

ಸಮಾಧಾನಕ್ಕೆ ಆಕೆಯ ತೋಳಿಗೂ ಬಿಪಿ ಪಟ್ಟಿ ಕಟ್ಟಿದ್ದಾಯಿತು. ಆದರೆ ನಂಬರು ಕೊಡಲಿಲ್ಲ. ಕೊಡಲಿಲ್ಲ ಅನ್ನುವುದನ್ನು ಆಕೆ ಮರೆಯಲೂ ಇಲ್ಲ. ಅಷ್ಟರಲ್ಲಿ ಬೀದಿಯೇ ಸಾಲುಗಟ್ಟಿತ್ತು. ಒಬ್ಬಾತ, "ನಮ್ಮೆಮ್ಮೆ ಮೂರ್ ದಿನದಿಂದ ಮೇವು ಮುಟ್ಟಿಲ್ಲ, ಅದ್ರ ಕಾಲ್ಗೂ ಒಸಿ ಕಟ್ ನೋಡವ್ವ" ಎಂದ.

ಬೀದಿಯನ್ನು ಕರಗಿಸಿ ಅಜ್ಜಿಯ ಮುಂದೆ ಕೂತೆವು. ಡಾಕ್ಟರು ಕೇಳಿದರು, "ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡ್ತೀರಾ ಅಜ್ಜಿ?"

ಅಜ್ಜಿ ನಕ್ಕುಬಿಟ್ಟರು. "ಅಯ್ಯೋ, ಅದ್ಕೆಲ್ಲ ನಮ್ಗೆಲ್ಲಿ ಪುರ್ಸೊತ್ತವ್ವ? ಎದ್ದು ಕೊಟ್ಗೆ ಬಾಚಿ, ಎಲ್ಡು ಹೊರೆ ಹುಲ್ ಕುಯ್ದು, ನೀರ್ ತುಂಬಿ, ಬಟ್ಟೆ ಒಗ್ದು, ಇಟ್ಟು ತೊಳ್ಸೋ ಒತ್ಗೆ ದಿನವೇ ಮುಗ್ದೋಯ್ತದೆ."

ಡಾಕ್ಟರು ಶ್ರದ್ಧೆಯಿಂದ ಬರೆದುಕೊಂಡರು: ವ್ಯಾಯಾಮ: ಇಲ್ಲ. ಬರೆದ ಮೇಲೆ ನಿಯಮದಂತೆ ಸಲಹೆಯನ್ನೂ ಕೊಟ್ಟರು. "ಹೀಗೆ ಕೂತಿದ್ರೆ ಆಗಲ್ಲ ಅಜ್ಜಿ. ದಿನಾ ಅರ್ಧ ಗಂಟೆ ಕೈಕಾಲು ಆಡಿಸಬೇಕು."

ಅಜ್ಜಿ ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. "ಬಾವ್ವ ಇಲ್ಲಿ" ಎಂದು ಅಜ್ಜಿ ಡಾಕ್ಟರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ತೊಟ್ಟಿಯಲ್ಲಿ ಕಂಬಳಿಯೊಂದು ನೆನೆದಿತ್ತು. ನೆನೆದ ಕಂಬಳಿಯ ಭಾರ ಎತ್ತಿದವರಿಗೇ ಗೊತ್ತು. "ಇದ್ನೊಸಿ ಕಲ್ಲಿಗೆ ಬಡಿ."

ಡಾಕ್ಟರು ಪಾಪ, ಹಟವಾದಿ. ಒಂದು ಬಡಿದರು, ಎರಡು ಬಡಿದರು. ನಾಲ್ಕನೆಯದಕ್ಕೆ ತೊಟ್ಟಿಯ ಕಟ್ಟೆ ಹಿಡಿದು ಕೂತರು. ಅಜ್ಜಿ ತಡಮಾಡಲಿಲ್ಲ. ಮಿಷನ್ ತಂದು ಅವರ ತೋಳಿಗೇ ಕಟ್ಟಿ ಗುಂಡಿ ಒತ್ತಿ, "ಎಷ್ಟದೆ ಓದವ್ವ. ನಂದ್ಕಿಂತ ಎಚ್ಚೋ ಕಮ್ಮಿಯೋ?" ಎಂದರು.

"ಹೆಚ್ಚು ಅಜ್ಜಿ."

ಅಜ್ಜಿ ಡಾಕ್ಟರ ಕಡೆ ತಿರುಗಿ, ಅವರದೇ ದನಿಯಲ್ಲಿ, "ಇಂಗೆ ಕುಂತಿದ್ರೆ ಆಗಾಕಿಲ್ಲ ಕಣವ್ವ. ದಿನಾ ಅರ್ಧ ಗಂಟೆ ಕೈಕಾಲು ಆಡುಸ್ಬೇಕು" ಎಂದರು.

ಫೋಟೋದ ಅಂಚಿನಲ್ಲಿ

ಡಾಕ್ಟರಿಗೆ ನ್ಯಾಯಬುದ್ಧಿ ಇತ್ತು. ಬರೆದದ್ದನ್ನು ಹೊಡೆದುಹಾಕಿ, ಅಜ್ಜಿಯ ಕಾರ್ಡಿನ ಮೇಲೆ ಹೀಗೆ ಬರೆದುಕೊಟ್ಟರು: ‘ದಿನವೂ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಅಧ್ಯಯನ ಮುಗಿಯುವವರೆಗೆ ಈ ಅಭ್ಯಾಸ ಬದಲಿಸಬಾರದು.’ ಕೆಳಗೆ ಸಹಿ. ಅಜ್ಜಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು.

ನಾನು ಸುಮ್ಮನಿರಬೇಕಿತ್ತು. ಡಾಕ್ಟರು ಕಂಬಳಿ ಬಡಿಯುವ ಫೋಟೋ ತೆಗೆದು ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ನಕ್ಕರು. ನಮ್ಮ ಇತಿಹಾಸದ ಮೇಷ್ಟ್ರು ಒಬ್ಬರೇ ನಗಲಿಲ್ಲ, ಫೋನು ಮಾಡಿದರು.

"ಮೇಡಂ, ಆ ಫೋಟೋದಲ್ಲಿ ಕಲ್ಲಿನ ಅಂಚು ನೋಡಿದ್ರಾ? ಅಕ್ಷರ ಇದೆ!"

"ಡಾಕ್ಟರನ್ನ ನೋಡಿದ್ರಾ ಸಾರ್?"

"ಯಾವ ಡಾಕ್ಟರು?"

ಮೇಷ್ಟ್ರು ನಿವೃತ್ತಿಗೆ ಹತ್ತಿರವಾಗಿದ್ದರು. ಬೇರೆಯವರು ಕಂಡುಹಿಡಿದ ಶಾಸನಗಳನ್ನು ಸರ್ವೀಸು ಪೂರ್ತಿ ಪಾಠ ಮಾಡಿದವರಿಗೆ, ತಮ್ಮದೂ ಅಂತ ಒಂದಾದರೂ ಸಿಗಬೇಕೆಂಬ ಆಸೆ. ಭಾನುವಾರವೇ ಹೊರಟೆವು. ಊರಿನ ನಾಲ್ಕು ಜನ ಹಾರೆ ಹಾಕಿ ಕಲ್ಲನ್ನು ಒಂದು ಮಗ್ಗುಲಿಗೆ ಎತ್ತಿದರು. ಅಡಿಯ ತುಂಬ ಅಕ್ಷರ! ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಅವರು ಬಗ್ಗಿದರು. ಅದೇ ಗಳಿಗೆಗೆ ಕಲ್ಲಿನಡಿಯಿಂದ ಅಂಗೈ ಅಗಲದ ಕಪ್ಪೆಯೊಂದು ನೆಗೆದು ಅವರ ಎದೆಗೆ ಬಂದು ಕೂತಿತು. ಮೇಷ್ಟ್ರು ಹಿಂದಕ್ಕೆ ಹಾರಿ, ಒಗೆದ ನೀರು ನಿಂತಿದ್ದ ಕೊಚ್ಚೆಯಲ್ಲಿ ಧೊಪ್ಪನೆ ಕೂತರು. ಆದರೆ ಕಣ್ಣು ಮಾತ್ರ ಕಲ್ಲಿನ ಮೇಲೆಯೇ. ಕೊಚ್ಚೆಯಲ್ಲಿ ಕೂತಲ್ಲಿಂದಲೇ, "ಸ್ವಸ್ತಿ ಶ್ರೀ..." ಎಂದು ಓದಲು ಶುರು ಮಾಡಿದರು.

ಅಜ್ಜಿ ಗಾಬರಿಯಾಗಿ, "ಒಸಿ ನೀರ್ ತಳೀರವ್ವ ಮಕಕ್ಕೆ. ಬಿದ್ದೇಟ್ಗೆ ಮಂತ್ರ ಬತ್ತಾ ಅದೆ!" ಎಂದರು.

ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಲ್ಲಿ ತಟ್ಟಿ, ಮಸಿ ಹಚ್ಚಿ ಅಕ್ಷರದ ಅಚ್ಚು ತೆಗೆದು, ಕಲ್ಲನ್ನು ಮೊದಲಿನಂತೆ ಇಳಿಸಿದ್ದಾಯಿತು. ಆಮೇಲೆ ಮೇಷ್ಟ್ರು ಮೆಲ್ಲಗೆ ವಿಷಯಕ್ಕೆ ಬಂದರು. ಇಂಥದ್ದು ಕಾಲೇಜಿನ ಮ್ಯೂಸಿಯಂನಲ್ಲಿ ಇರಬೇಕು ತಾಯಿ, ಎಂದರು.

"ಕೆರೆ ಏರಿ ಒಡೆದೋದಾಗ ನಮ್ಮಾವ ಗಾಡೀಲಿ ಆಕ್ಕೊಂಡ್ ಬಂದ ಕಲ್ಲು ಕಣ್ರೀ ಇದು" ಎಂದರು ಅಜ್ಜಿ. "ನಮ್ಮತ್ತೆ ಬೈದಾಗೆಲ್ಲ ನಾನು ತಿರುಗಿಸಿ ಒಂದ್ ಮಾತಾಡ್ನಿಲ್ಲ. ಇಲ್ಲಿಗ್ ಬಂದು ಅವ್ರ ಸೀರೇನೇ ಬಡ್ದೆ. ಗಂಡನ ಮ್ಯಾಲೆ ಸಿಟ್ಟು ಬಂದಾಗ ಪಂಚೆ ಬಡ್ದೆ. ನನ್ ಕಷ್ಟಸುಖ ಎಲ್ಲ ಈ ಕಲ್ಲೊಂದ್ಕೇ ಗೊತ್ತು. ಕೊಡಾಕಿಲ್ಲ."

ಮೇಷ್ಟ್ರು ಅಚ್ಚಿನ ಸುರುಳಿ ಕಂಕುಳಲ್ಲಿಟ್ಟುಕೊಂಡು ಹೊರಡುವಾಗ ನನ್ನ ಕಿವಿಯಲ್ಲಿ, "ಮಾತು ಕಮ್ಮಿ ಆಡೋ ಸೊಸೆ ಇರೋ ಮನೆಯಲ್ಲಿ ಬಟ್ಟೆ ಯಾಕೆ ಬೇಗ ಹರಿಯುತ್ತೆ ಅಂತ ಇವತ್ತು ಗೊತ್ತಾಯ್ತು ಮೇಡಂ" ಎಂದರು.

ಕಪ್ಪೆಗೊಂದು ನಂಬರು

ಫೋಟೋ ತೆಗೆಯುವ ಚಟ ನನಗೆ ಬಿಟ್ಟಿರಲಿಲ್ಲ. ಮೇಷ್ಟ್ರ ಎದೆಯ ಮೇಲೆ ಕಪ್ಪೆ ಕೂತ ಫೋಟೋ ನನ್ನ ಫೋನಿನಲ್ಲಿತ್ತು. ಕಾಡಂಚಿನಲ್ಲಿ ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ವಯನಾಡಿನ ಹುಡುಗಿಯೊಬ್ಬಳ ಪರಿಚಯವಿತ್ತು. ಅವಳಿಗೆ ಕಳಿಸಿದೆ. ಅವಳೂ ಕೇಳಿದ್ದು ಕಪ್ಪೆಯನ್ನೇ. ಮೇಷ್ಟ್ರು ಯಾರೆಂದು ಕೇಳಲಿಲ್ಲ.

ಸೋಪಿನ ನೀರಿನ ನಡುವೆ ಈ ಕಪ್ಪೆ ಹೇಗೆ ಬದುಕಿದೆ ಎಂಬುದು ಅವಳಿಗೆ ದೊಡ್ಡ ಪ್ರಶ್ನೆ. ಹಿತ್ತಲಿನಲ್ಲಿ ಮಂಡಿಯೂರಿ, ಕಪ್ಪೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸಣ್ಣ ತಕ್ಕಡಿಗೆ ನೇತುಹಾಕಿ, ಪುಸ್ತಕದಲ್ಲಿ ಅದಕ್ಕೊಂದು ನಂಬರು ಬರೆದಳು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಮೊನ್ನೆ ಡಾಕ್ಟ್ರವ್ವ ನನ್ನ ತೂಕ ನೋಡಿ ಬೈದ್ಲು. ನೀನು ಇದ್ನ ಬೈಯಾಕಿಲ್ವಾ? ಒಟ್ಟೆ ನೋಡು ಅದ್ರದು!"

"ಅದು ಮೊಟ್ಟೆ ಅಮ್ಮೇ" ಎಂದಳು ಹುಡುಗಿ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ. "ಹೊಟ್ಟೆ ತುಂಬ ಮೊಟ್ಟೆ ಉಂಟು."

ಅಜ್ಜಿಯ ಮುಖ ಬದಲಾಯಿತು. "ಬಸುರಿಯಾ? ಮೊದ್ಲೇ ಯೋಳ್ಬಾರ್ದಾ!" ಅಂದಿನಿಂದ ಆ ಕಡೆ ಬಿಸಿನೀರು ಚೆಲ್ಲುವುದು ಬಂದ್. ಹುಡುಗಿ ಹೋಗುವಾಗ, ಮುಂದಿನ ಮುಂಗಾರು ಮುಗಿಯುವವರೆಗೆ ಕಲ್ಲು ಕದಲಿಸಬೇಡಿ ಎಂದು ಕೇಳಿಕೊಂಡಳು. ಅಜ್ಜಿ ಅದನ್ನೂ ಚೀಟಿಯಲ್ಲಿ ಬರೆಸಿಕೊಂಡರು. ಅದೂ ದೇವರ ಪಟದ ಹಿಂದಕ್ಕೆ ಹೋಯಿತು.

ಆಮೇಲೆ ಗೋಡೆಯ ಆಚೆಗೆ ಕೇಳುವಂತೆ ಕೂಗಿದರು, "ಕೇಳುಸ್ತೇನೇ? ನಮ್ ಕಪ್ಪೆಗೂ ನಂಬರ್ ಕೊಟ್ಟವ್ರೆ!"

ಆಚೆ ಕಡೆ ಕೊಡ ಕುಕ್ಕಿದ ಸದ್ದಾಯಿತು. ಆಮೇಲೆ ವಾರಗಿತ್ತಿಯ ದನಿ ಬಂತು. "ಕಪ್ಪೆಗೂ ಕೊಟ್ರಾ? ಕೊಡ್ಲಿ ಕೊಡ್ಲಿ. ನಾನೊಬ್ಳೇ ಈ ಊರಾಗೆ ಲೆಕ್ಕುಕ್ಕಿಲ್ದೋಳು!"

ಮೂವರೂ ಒಂದೇ ದಿನ

ಮೇಷ್ಟ್ರ ನಿವೃತ್ತಿಗೆ ಒಂದೇ ವಾರ ಉಳಿದಿತ್ತು. ಅವರು ಸುಮ್ಮನೆ ಕೂತಿರಲಿಲ್ಲ, ಶಾಸನವನ್ನು ಪೂರ್ತಿ ಓದಿ ಮುಗಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಪಂಚಾಯಿತಿಯ ಒಪ್ಪಿಗೆ ಪತ್ರ, ಒಂದು ಟ್ರಾಕ್ಟರು, ಹಗ್ಗ, ಅದೇ ನಾಲ್ಕು ಜನ. ಬೆಳಗ್ಗೆಯೇ ಹಾಜರು. ಗ್ರಹಚಾರಕ್ಕೆ ಅದೇ ದಿನ ಡಾಕ್ಟರು ಎರಡನೇ ಸಲ ಬಿಪಿ ನೋಡಲು, ಕಪ್ಪೆ ಹುಡುಗಿ ಎರಡನೇ ಸಲ ತೂಕ ನೋಡಲು ಬಂದಿದ್ದರು. ಗ್ರಹಚಾರ ಎನ್ನುತ್ತೇನೆ, ನಿಜಕ್ಕೂ ಇಬ್ಬರಿಗೂ ಫೋನು ಮಾಡಿಸಿದ್ದು ಅಜ್ಜಿ. ಮಾಡಿದ್ದು ನಾನು.

ಅಜ್ಜಿ ಒಳಗಿನಿಂದ ಎರಡು ಚೀಟಿ ತಂದರು. "ನಂದೇನ್ ಅಡ್ಡಿಯಿಲ್ಲ ಮೇಷ್ಟ್ರೇ. ಒಗ್ಯೋದು ಬುಡ್ಬ್ಯಾಡ ಅಂತ ಈ ಡಾಕ್ಟ್ರವ್ವ ಬರ್ಕೊಟ್ಟವ್ಳೆ. ಕಲ್ಲು ಅಲ್ಲಾಡುಸ್ಬ್ಯಾಡ ಅಂತ ಈ ಕಪ್ಪೆವ್ವ ಬರ್ಕೊಟ್ಟವ್ಳೆ. ಮೂರ್ ಜನಾನೂ ಓದ್ದೋರು. ನೀವ್ನೀವೇ ತೀರ್ಮಾನ ಮಾಡ್ಕೊಂಡ್ ಯೋಳಿ. ಅಲ್ಲೀಗಂಟ ನಾನ್ ಬಟ್ಟೆ ಒಗ್ದಾಕ್ತೀನಿ."

ತೊಟ್ಟಿಯ ಸುತ್ತ ಸಭೆ ಸೇರಿತು. ಇಷ್ಟು ಹಳೆಯ ಅಕ್ಷರಕ್ಕೆ ಸೋಪಿನ ನೀರಾ ಎಂದು ಮೇಷ್ಟ್ರು. ಒಗೆಯುವುದು ನಿಂತರೆ ನನ್ನ ಲೆಕ್ಕವೆಲ್ಲ ಕೆಡುತ್ತೆ ಎಂದು ಡಾಕ್ಟರು. ಮೊಟ್ಟೆ, ಮೊಟ್ಟೆ ಎಂದು ಹುಡುಗಿ. ಅದುವರೆಗೆ ಸಂಶೋಧಕರ ಮಾತನ್ನು ಹಳ್ಳಿಯವರಿಗೆ ಬಿಡಿಸಿ ಹೇಳುತ್ತಿದ್ದವಳು, ಅಂದು ಒಬ್ಬ ಸಂಶೋಧಕರ ಮಾತನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಿದೆ. ನಡುವೆ ಅಜ್ಜಿ ಧಪ್, ಧಪ್ ಎಂದು ಒಗೆಯುತ್ತಲೇ ಇದ್ದರು.

ಕೊನೆಗೆ ಅವರೇ ಕೈ ನಿಲ್ಲಿಸಿ, "ಅದ್ರಾಗ್ ಏನ್ ಬರ್ದದೆ ಅಂತ ಓದಿ ಮೇಷ್ಟ್ರೇ, ಕೇಳಾನ" ಎಂದರು.

ಮೇಷ್ಟ್ರು ಹುರುಪಿನಿಂದ ಓದಿದರು. ಯಾರೋ ಒಬ್ಬ ಗೌಡ ಕೆರೆ ಕಟ್ಟಿಸಿ, ಅದರ ಕಾವಲಿಗೆ ಗದ್ದೆ ಬಿಟ್ಟಿದ್ದನಂತೆ. ಅಷ್ಟು ಹೇಳಿ ಹಾಳೆ ಮಡಿಚಿದರು.

"ಸಾರ್, ಇನ್ನೆರಡು ಸಾಲು ಇದೆ" ಎಂದೆ ನಾನು. ಮೇಷ್ಟ್ರು ನನ್ನನ್ನು ನೋಡಿದ ನೋಟಕ್ಕೆ ನಾನು ಖಾಯಂ ಆಗಿದ್ದರೂ ನೌಕರಿ ಹೋಗಬೇಕಿತ್ತು.

"ಅದು ಎಲ್ಲಾ ಶಾಸನದಲ್ಲೂ ಇರೋ ಮಾತೇ" ಎಂದು ಗೊಣಗಿ, ದನಿ ತಗ್ಗಿಸಿ ಓದಿದರು. ಇದನ್ನು ಕದಲಿಸಿದವನು ಗಂಗೆಯ ದಡದಲ್ಲಿ ಹಸು ಕೊಂದ ಪಾಪಕ್ಕೆ ಹೋಗುವನು.

ಹಗ್ಗ ಹಿಡಿದ ನಾಲ್ವರೂ ಹಗ್ಗ ಬಿಟ್ಟರು. ಒಬ್ಬಾತನಂತೂ, "ನಮ್ಮನೇಲಿ ಹಸ ಇವತ್ತೋ ನಾಳೆಯೋ ಕರ ಆಕಂಗದೆ. ನಾನ್ ಮುಟ್ಟಾಕಿಲ್ಲ ಸಾ" ಎಂದ. ಇನ್ನೊಬ್ಬ ಬೆವರೊರೆಸಿಕೊಂಡು, "ಓದ್ಸಲ ಎತ್ತುದ್ವಲ್ಲ ಸಾ, ಅದ್ಕೇನ್ ಗತಿ?" ಎಂದು ಕೇಳಿದ.

"ಅದು ಓದೋದಕ್ಕೆ ಎತ್ತಿದ್ದು ಕಣಯ್ಯ, ಅದು ಲೆಕ್ಕಕ್ಕಿಲ್ಲ" ಎಂದರು ಮೇಷ್ಟ್ರು ತಟ್ಟನೆ.

"ನೋಡುದ್ರಾ, ಮೇಷ್ಟ್ರೂ ನಂಬ್ತಾರೆ!" ಎಂದರು ಅಜ್ಜಿ.

ಮೇಷ್ಟ್ರಿಗೆ ರೇಗಿತು. "ಅಲ್ಲ ತಾಯಿ, ನಿಮ್ಮ ಮಾವ ಕೆರೆ ಏರಿಯಿಂದ ಕಿತ್ತು ತಂದರಲ್ಲ, ಅವರಿಗೆ ಏನಾಯ್ತು?"

"ಏನಾಯ್ತಾ? ಸಾಯೋಗಂಟ ನಮ್ಮತ್ತೆ ಜೊತೆ ಬಾಳಾಟ ಮಾಡುದ್ರು!"

ಟ್ರಾಕ್ಟರಿನವನು ಅಷ್ಟರಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿಯಾಗಿತ್ತು. "ಅದೆಲ್ಲ ರೂಢಿಯ ಮಾತು, ಕೊಡಿ ಇಲ್ಲಿ!" ಎಂದು ಮೇಷ್ಟ್ರು ತಾವೇ ಹಾರೆ ತೆಗೆದುಕೊಂಡು ಬಗ್ಗಿದರು. ಹಾರೆ ಕಲ್ಲಿಗೆ ತಾಗಿತೋ ಇಲ್ಲವೋ, ಕಪ್ಪೆ ನೆಗೆಯಿತು. ಮೇಷ್ಟ್ರು ಅದೇ ಕೊಚ್ಚೆಯಲ್ಲಿ, ಅದೇ ಜಾಗದಲ್ಲಿ, ಅಳತೆ ಹಿಡಿದಂತೆ ಕೂತರು. ಡಾಕ್ಟರು ಅವರ ಬಿಪಿ ನೋಡಲು ಓಡಿದರು. ಹುಡುಗಿ ಕಪ್ಪೆಯ ಹಿಂದೆ ಓಡಿದಳು.

ಕೊಚ್ಚೆಯಲ್ಲೇ ಕೂತು ಮೇಷ್ಟ್ರು ತಲೆ ತಗ್ಗಿಸಿದರು. "ನನ್ನ ಹೆಸರಲ್ಲಿ ಒಂದೇ ಒಂದು ಶಾಸನ ಇರಲಿ ಅಂತಿದ್ದೆ ಮೇಡಂ" ಎಂದರು. ಆಗ ಯಾರೂ ನಗಲಿಲ್ಲ.

ಅಜ್ಜಿ ಹತ್ತಿರ ಬಂದು ಕೈ ಕೊಟ್ಟು ಎಬ್ಬಿಸಿದರು. "ಎಸ್ರು ತಾನೇ? ಈ ಗ್ವಾಡೆ ಮ್ಯಾಲೆ ಒಂದ್ ಬೋರ್ಡ್ ಆಕ್ಸಿ ಮೇಷ್ಟ್ರೇ. ನೋಡಾಕ್ ಬಂದೋರ್ಗೆ, ಇದ್ನ ಓದ್ದೋರು ಇಂಥೋರು ಅಂತ ನಾನೇ ಯೋಳ್ತೀನಿ. ಈಗ ಷರ್ಟು ಬಿಚ್ಚಿ."

ಆ ಬೋರ್ಡು ಇಂದಿಗೂ ಆ ಗೋಡೆಯ ಮೇಲಿದೆ, ಮೇಷ್ಟ್ರ ಹೆಸರೂ ಇದೆ. ಗೋಡೆ ಇಬ್ಬರದೂ ಆದ್ದರಿಂದ, ಬೋರ್ಡಿನ ಅರ್ಧ ತನ್ನ ಕಡೆಗೂ ಕಾಣಬೇಕೆಂದು ವಾರಗಿತ್ತಿ ಹಟ ಹಿಡಿದು ಗೆದ್ದರು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅಂದಿನ ಕೊನೆಯ ಚಿತ್ರ. ಮೇಷ್ಟ್ರು ಬನಿಯನ್ನಿನ ಮೇಲೆ ಅಜ್ಜಿಯ ಟವೆಲು ಹೊದ್ದು, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ವರದಿಯಲ್ಲಿ ‘ಶಾಸನವು ಮನೆಯವರ ರಕ್ಷಣೆಯಲ್ಲಿ ಸುಸ್ಥಿತಿಯಲ್ಲಿದೆ’ ಎಂದು ಬರೆಯುತ್ತಿದ್ದರು. ಅಜ್ಜಿ ಅವರ ಷರಟನ್ನು ಅದೇ ಶಾಸನದ ಬೆನ್ನಿಗೆ ಹತ್ತು ಸಲ ಬಡಿದು, ಹಿಂಡಿ, ಕೊಡವಿ, ಬಿಸಿಲಿಗೆ ಹಿಡಿದರು.

"ನೋಡಿ ಮೇಷ್ಟ್ರೇ, ಎಂಗ್ ಬೆಳ್ಳಗಾಯ್ತು! ಈ ಕಲ್ಲ ನಿಮ್ ಮ್ಯೂಸಿಯಂಗೆ ತಕ್ಕೊಂಡೋಗಿದ್ರೆ ಇವತ್ತು ನಿಮ್ ಷರ್ಟಿನ ಗತಿ ಏನಾಯ್ತಿತ್ತು?"