ಕರೆಂಟಿಲ್ಲದೆ ನೇಯ್ದ ಮಗ್ಗ

ಮನೆಗೆ ಕಂಪ್ಯೂಟರ್ ಬಂದ ಮೇಲೂ ಮನುಷ್ಯ ಮಧ್ಯಾಹ್ನ ದುಡಿಯುವುದೆಂದರೆ ವಿಜ್ಞಾನಕ್ಕೇ ಅವಮಾನ ಎಂದು ಬನಹಟ್ಟಿಯ ನೇಕಾರ ಗಂಗಾರಾಮ ತೀರ್ಮಾನಿಸಿದ. ಸೀರೆಯ ಅಂಚಿನ ಚಿತ್ರ ತೆಗೆಯಲೆಂದು ಜಮಖಂಡಿಯಿಂದ ಹಳೆಯದೊಂದನ್ನು ತಂದಿದ್ದ. ಅದಕ್ಕೆ ಟ್ರ್ಯಾಕ್ಟರ್ ಬ್ಯಾಟರಿಯ ಇನ್ವರ್ಟರ್ ಬೇರೆ. ಕರೆಂಟ್ ಹೋದರೂ ಹೊತ್ತು ಮುಳುಗುವವರೆಗೆ ನಡೆಯುತ್ತದೆಂದು ಓಣಿಗೆಲ್ಲ ಸಾರಿದ್ದ.

ಅಡ್ಡಿಯಿದ್ದದ್ದು ಒಂದೇ, ಹೆಂಡತಿ ಸಾವಿತ್ರೆವ್ವನ ಕಿವಿ. ವಿದ್ಯುತ್ ಮಗ್ಗ ಖಟ್-ಪಟ್ ಎನ್ನುತ್ತಿದ್ದರೆ ಗಂಡ ದುಡಿಯುತ್ತಿದ್ದಾನೆ, ನಿಂತರೆ ಮಲಗಿದ್ದಾನೆ ಎಂದು ಆಕೆ ಅಡುಗೆಮನೆಯಲ್ಲೇ ಲೆಕ್ಕ ಹಿಡಿಯುತ್ತಿದ್ದಳು. ಅವಳ ತಂಗಿಯ ಮಗಳ ಮದುವೆ ಮರುದಿನ ಚಿಮ್ಮಡದಲ್ಲಿ. ಅರಿಶಿನದ ಸೀರೆ ಸಂಜೆಯ ಬಸ್ಸಿಗೆ ಹೋಗಲೇಬೇಕು. ಉಳಿದದ್ದು ಸೆರಗು ಮಾತ್ರ. ಆದರೆ ಬೆಳಗಿನಿಂದ ನಿಂತ ಗಂಗಾರಾಮನ ಕಾಲು ಇನ್ನು ಒಲ್ಲೆ ಎಂದವು.

ಅದಕ್ಕೆಂದೇ ಆತ ಸಣ್ಣದೊಂದು ಪ್ರೋಗ್ರಾಂ ಬರೆದಿಟ್ಟಿದ್ದ. ಅಂಕಿ ಕೊಟ್ಟರೆ ಪರದೆಯಲ್ಲಿ ಅಲೆ ಏಳುತ್ತಿತ್ತು, ಆ ಅಲೆಯೇ ಸ್ಪೀಕರಿನಲ್ಲಿ ಸದ್ದಾಗುತ್ತಿತ್ತು. ದುಂಡನೆಯ ಅಲೆಗೆ ಸೊಳ್ಳೆ ಹಾಡಿತು. ಗರಗಸದಂಥ ಅಲೆಗೆ ಆಡು ಒದರಿತು. ಚೌಕದ ಅಲೆಯನ್ನು ತುಂಡರಿಸಿ, ನಡುವಿನ ಬಿಡುವನ್ನು ಹಿಗ್ಗಿಸಿ ಕುಗ್ಗಿಸಿದಾಗ, ಆಹಾ, ಸಾಕ್ಷಾತ್ ಮಗ್ಗ!

ಊಟವಾದ ಮೇಲೆ ಗಂಗಾರಾಮ ಖರೆ ಮಗ್ಗ ನಿಲ್ಲಿಸಿ, ಕಂಪ್ಯೂಟರ್ ಮಗ್ಗ ಹಚ್ಚಿ, ನೂಲಿನ ಗಂಟಿಗೆ ತಲೆ ಕೊಟ್ಟು ಮಲಗಿದ. ಒಳಗೆ ಸಾವಿತ್ರೆವ್ವ ನೆಮ್ಮದಿಯಿಂದ ಹಿಟ್ಟು ನಾದಿದಳು.

ಆಗ ಕರೆಂಟ್ ಹೋಯಿತು.

ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ಬಾಯಿ ಮುಚ್ಚಿದವು. ಗಂಗಾರಾಮನದು ಮಾತ್ರ ಊರಿಗೆ ಕೇಳುವಂತೆ ಖಟ್-ಪಟ್ ನೇಯುತ್ತಲೇ ಇತ್ತು!

ಎದುರುಮನೆಯ ಗೂಳಪ್ಪ ಮೊದಲು ನುಗ್ಗಿದ, ಹಿಂದೆ ಅರ್ಧ ಓಣಿ. ಯಾವ ಕಂಬದಿಂದ ಕಳ್ಳ ವೈರು ಎಳೆದಿದ್ದಾನೆಂದು ಮೂಲೆ ಮೂಲೆ ಹುಡುಕಿದರು. ತನಗೂ ಒಂದೆಳೆ ಕೊಡೆಂದು ಒಬ್ಬ ಬೇಡಿಕೊಂಡ. ಗದ್ದಲಕ್ಕೆ ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಬಂದು, ನಿಂತ ಮಗ್ಗ ನೋಡಿದಳು, ನೇಯುವ ಸ್ಪೀಕರ್ ನೋಡಿದಳು, ಗಂಡನ ಕೆನ್ನೆಗಂಟಿದ ನೂಲು ನೋಡಿದಳು.

"ಸೆರಗ ಈ ಡಬ್ಬ್ಯಾಗ ನೇಯ್ದೀರೇನ್ರಿ? ತಗೀರಿ, ಬಸ್ಸಿಗೆ ಹೊತ್ತಾತು."

ಕರೆಂಟಿಲ್ಲವಲ್ಲ ಎಂದು ಗಂಗಾರಾಮ ತೊದಲಿದ.

"ನಿಮ್ಮ ಮಗ್ಗಕ್ಕ ಅದು ಬೇಕಾಗಿಲ್ಲಂತ ಓಣಿ ಮಂದೆಲ್ಲಾ ನೋಡ್ಯಾರಲ್ಲ."

ಆಕೆ ಕೈ ತೊಳೆದು ಬಂದು, ಮಗ್ಗದ ಪಕ್ಕದ ಚಕ್ರ ತೋರಿಸಿದಳು. ಕೈಯಿಂದ ತಿರುಗಿಸಿದರೆ ಲಾಳಿಗೆ ಹಾರುವ ಕಸುವಿರುವುದಿಲ್ಲ. ಅದನ್ನು ತಾನೇ ಆಚೆಗೀಚೆಗೆ ದಾಟಿಸುತ್ತ ನಿಂತಳು. ಚಕ್ರವನ್ನು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲೇ ಗಂಗಾರಾಮನ ರಟ್ಟೆ ಸತ್ತವು. ಕನಿಷ್ಠ ಆ ಹಾಳು ಸದ್ದನ್ನಾದರೂ ನಿಲ್ಲಿಸಲೇ ಎಂದು ಕೇಳಿದ.

"ಇರಲಿ ಬಿಡ್ರಿ. ಅದರ ಸರಿಸಮ ತಿರುವ್ರಿ."

ಯಾವ ಕೀಲಿ ಒತ್ತಿದರೆ ವೇಗ ಏರುತ್ತದೆಂದು ಅವನ ಬಾಯಿಂದಲೇ ಹೇಳಿಸಿ, ಸಾವಿತ್ರೆವ್ವ ಅದನ್ನೇ ಒತ್ತಿದಳು.

ಗಂಗಾರಾಮ ಆಸೆಯಿಂದ ಬ್ಯಾಟರಿಯ ಕಡೆ ಕಣ್ಣು ಹಾಯಿಸಿದ. ಹೊಸ್ತಿಲಲ್ಲಿ ಕೂತ ಗೂಳಪ್ಪ ಎಲೆ-ಅಡಿಕೆ ಅಗಿಯುತ್ತ ಸಮಾಧಾನ ಹೇಳಿದ:

"ಅದರ ಕಾಳಜಿ ಬಿಡೋ ಗಂಗಾರಾಮಣ್ಣ. ಹೊತ್ತ ಮುಣಗೂ ತನಕ ನಡೀತೈತಿ ಅಂತ ನೀನ ಹೇಳಿದ್ದಿ."