ದೇವಿದಾಸನ ಕೈಯ ಪುಂಡಿ ಪಲ್ಯ

ಬಾಯಿ ಮುಚ್ಚಿಕೊಂಡಿದ್ದರೆ ದೇವಿದಾಸನ ರವಿವಾರ ಸುಖವಾಗಿಯೇ ಕಳೆಯುತ್ತಿತ್ತು.

ಅವನ ಮನೆ ಬಸವಕಲ್ಯಾಣದಲ್ಲಿ, ಗುಮಾಸ್ತಗಿರಿ ಹುಮನಾಬಾದಿನಲ್ಲಿ. ದಿನಾ ಬಸ್ಸಿನಲ್ಲಿ ಹಿಂಡಿಸಿಕೊಂಡು ಹೋಗಿ ಬಂದು ಸಾಕಾಗಿ, ಊರಿನ ಕಚೇರಿಗೇ ವರ್ಗ ಕೊಡಿ ಎಂದು ಅರ್ಜಿ ಹಾಕಿದ್ದ. ಅದು ಓಂಪ್ರಕಾಶ ಸಾಹೇಬರ ಟೇಬಲ್ಲಿನ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತುಬಿಟ್ಟಿತ್ತು. ಶನಿವಾರ ಸಾಹೇಬರು ಖಾನಾವಳಿಯ ಡಬ್ಬಿ ಮುಚ್ಚಿ ನಿಟ್ಟುಸಿರಿಟ್ಟರು.

"ಚಲೋ ಪುಂಡಿ ಪಲ್ಯ ತಿಂದು ಯಾವ ಕಾಲ ಆತೋ ಮಾರಾಯಾ!"

ದೇವಿದಾಸನ ನಾಲಗೆ ಅವನನ್ನೂ ಕೇಳದೆ ಮುಂದೆ ಓಡಿತು. "ನನ್ ಕೈದು ತಿಂದ್ ನೋಡ್ರಿ ಸಾಹೇಬ್ರ. ಪುಂಡಿ ಪಲ್ಯ ಅಂದ್ರ ನಮ್ಮನ್ಯಾಗ ನಾನೇ ಮಾಡ್ಬೇಕ್ರಿ."

"ಹೌದಾ? ನಾಳೆ ಮಧ್ಯಾಹ್ನ ಬರ್ತೀನಿ. ನಿನ್ನ ಅರ್ಜಿನೂ ತರ್ತೀನಿ. ಉಂಡು ಅಲ್ಲೇ ಸಹಿ ಹಾಕ್ತೀನಿ."

ಹೆಂಡತಿ ಮಾಡಲಿ, ಹೆಸರು ತನಗಿರಲಿ ಎಂಬುದು ಅವನ ಲೆಕ್ಕ. ಸಂಜೆ ಮನೆಯಲ್ಲಿ ವಿದ್ಯಾವತಿ ಸುದ್ದಿ ಕೇಳಿ ಸೆರಗು ಸಿಗಿಸಿಕೊಂಡಳು.

"ಇಷ್ಟ್ ವರ್ಷ ನಾ ಮಾಡಿದ್ದಕ್ಕ ಹುಳಿ ಹೆಚ್ಚಾತು, ಖಾರ ಕಮ್ಮಿ ಆತು ಅಂತ ಹೆಸರಿಡಕೋತ ಉಂಡೀರಿ. ರೊಟ್ಟಿ ನಾ ಬಡೀತೀನಿ. ಪಲ್ಯ ನಿಮ್ದು."

ರವಿವಾರ ಬೆಳಿಗ್ಗೆ ದೇವಿದಾಸ ಹುಳಿಹುಳಿ ಪುಂಡಿ ಸೊಪ್ಪಿನ ರಾಶಿಯ ಮುಂದೆ ಪರೀಕ್ಷೆಗೆ ಓದದ ಹುಡುಗನಂತೆ ಕೂತ. ಸೊಪ್ಪು ಬಿಡಿಸಿ, ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಲು ಇಟ್ಟ. ಪಕ್ಕದ ಮನೆಯ ಕುಲ್ಸುಮ್ ಬೀ ಕಾಂಪೌಂಡಿನ ಮೇಲಿಂದ ಇಣುಕಿದರು.

"ಅಯ್ಯ ಬೇಟಾ, ಸೊಪ್ಪು ಕುದಿಸಿ ನೀರು ಚೆಲ್ಲಿಲ್ಲೇನು? ಸಾಹೇಬ್ರ ಹಲ್ಲು ಜುಮ್ ಅಂತಾವ ನೋಡು!"

ಪೇಪರು ಓದಲು ಬಂದಿದ್ದ ನಿವೃತ್ತ ಬಸವಣಪ್ಪ ಮಾಸ್ತರರು ನೇರ ಅಡುಗೆಮನೆಗೇ ನುಗ್ಗಿದರು. "ನೀರು ಚೆಲ್ಲಿದ್ರ ರುಚಿನೂ ಹೋತು. ತಮ್ಮಾ, ಜೋಳದ ನುಚ್ಚು ಹಾಕು, ಹುಳಿ ತಾನೇ ಇಳೀತದ."

ದೇವಿದಾಸ ನುಚ್ಚು ಸುರಿದ. ಅದು ಉಬ್ಬಿತು. ನೀರು ಹಾಕಿದ. ಇನ್ನಷ್ಟು ಉಬ್ಬಿತು. ಪಲ್ಯ ಪಾತ್ರೆಯ ಅಂಚಿಗೆ ಬಂದು, ಚುನಾವಣೆ ಗೆದ್ದವರ ಹೊಟ್ಟೆಯಂತೆ ದಿಮ್ಮನೆ ನಿಂತಿತು. ಕುಲ್ಸುಮ್ ಬೀ ತಮ್ಮ ದೊಡ್ಡ ಪಾತ್ರೆ ತಂದರು, ಜೊತೆಗೆ ತಾವೂ ಒಳಗೆ ಬಂದರು.

"ಬೆಳ್ಳುಳ್ಳಿ ಜಜ್ಜಿ ಹಾಕ್ಬೇಕು."

"ಇಡೀ ಎಸಳು ಹಾಕ್ಬೇಕ್ರೀ. ನಮ್ಮವ್ವ ನಿರ್ಣಾ ಊರಾಕಿ, ನನಗ್ ಗೊತ್ತಿಲ್ಲೇನು?"

"ನಾ ಏನ್ ಮುಗಿಲಿಂದ ಬಿದ್ದೀನೇನ್ರಿ ಮಾಸ್ತರ?"

ಬೆಳ್ಳುಳ್ಳಿಯ ಜಗಳ ಎರಡೂ ವಂಶಗಳ ಅಡುಗೆಯನ್ನು ಅಜ್ಜಿಯಂದಿರವರೆಗೆ ಜಾಲಾಡಿತು. ದೇವಿದಾಸ ನಡುವೆ ನಿಂತು ಇಬ್ಬರಿಗೂ ತಲೆಯಾಡಿಸುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ವಿದ್ಯಾವತಿ ತಲೆ ಎತ್ತದೆ ಹೇಳಿದಳು:

"ತಳಾ ಹತ್ತಾಕತ್ತದ."

"ಅಲುಗಾಡಿಸಬ್ಯಾಡ, ಮ್ಯಾಲಿಂದಷ್ಟ ತಕ್ಕೋ!" ಎಂದು ಕುಲ್ಸುಮ್ ಬೀ ಕೂಗಿದರು. ಅಷ್ಟರಲ್ಲಿ ಮಾಸ್ತರರು ಕಡಗೋಲು ಹಾಕಿ ಇಡೀ ಪಾತ್ರೆಯನ್ನು ತಳದವರೆಗೆ ಕಡೆದೇಬಿಟ್ಟಿದ್ದರು. ಹೊತ್ತ ವಾಸನೆ ಓಣಿಯ ತುದಿ ಮುಟ್ಟಿತು. ಸಾಹೇಬರೂ ಬಾಗಿಲಿಗೆ ಬಂದರು.

ದೇವಿದಾಸ ಬಡಿಸಿದ. ಸಾಹೇಬರು ರೊಟ್ಟಿ ಮುರಿದು ಪಲ್ಯ ಅದ್ದಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಕಣ್ಣಲ್ಲಿ ನೀರು ಬಂತು. ವರ್ಗ ಹೋಯಿತು ಎಂದುಕೊಂಡ ದೇವಿದಾಸ.

"ನಮ್ಮವ್ವ ಹೊಲದಿಂದ ಬಂದು ಅವಸರದಾಗ ಮಾಡ್ತಿದ್ಲು," ಎಂದರು ಸಾಹೇಬರು. "ದಿನಾ ತಳಾ ಹತ್ತಸ್ತಿದ್ಲು. ಅಕಿ ಹೋದ ಮ್ಯಾಲ ಈ ರುಚಿ ಇವತ್ತ ಸಿಕ್ತು ನೋಡು."

ದೇವಿದಾಸನಿಗೆ ಜೀವ ಬಂತು. ಓಡಿ ಪೆನ್ನು ತಂದ. ಸಾಹೇಬರು ಜೇಬಿನಿಂದ ಅರ್ಜಿ ತೆಗೆದು, ಪ್ರೀತಿಯಿಂದ ಅವನನ್ನೊಮ್ಮೆ ನೋಡಿ, ನಡುವೆ ಹರಿದರು.

"ಇಂಥಾ ಕೈನ ಕಲ್ಯಾಣಕ್ಕ ಕಳಿಸಿ ನಾ ಹುಮನಾಬಾದದಾಗ ಏನ್ ತಿನ್ಲಿ? ನಾ ರಿಟೈರ್ ಆಗೋ ತನಕ ನೀ ಎಲ್ಲೂ ಹೋಗಂಗಿಲ್ಲ. ನಾಳಿಂದ ದಿನಾ ಡಬ್ಬಿ ತಗೊಂಡ್ ಬಾ. ತಳಾ ಹಿಂಗೇ ಹತ್ತಿರ್ಬೇಕು."

"ಸಾಹೇಬ್ರ, ಖರೇ ಹೇಳ್ಬೇಕಂದ್ರ..." ದೇವಿದಾಸ ತೊದಲಿದ. "ಇದು ನನ್ ಕೈದಲ್ರಿ, ಮನಿಯಾಕಿ ಮಾಡ್ಯಾಳ್ರಿ."

"ಅಯ್ಯ, ಸುಳ್ಳ್ರಿ ಸಾಹೇಬ್ರ!" ವಿದ್ಯಾವತಿ ಬಾಗಿಲಿಗೆ ಬಂದು ಕೈಮುಗಿದಳು. "ನಾ ಬರೇ ರೊಟ್ಟಿ ಬಡ್ದೀನ್ರಿ. ಪಲ್ಯ ಪೂರಾ ಅವರ್ದೇ. ಬೇಕಾದ್ರ ಇವ್ರನ್ ಕೇಳ್ರಿ."

ಕುಲ್ಸುಮ್ ಬೀಯೂ ಮಾಸ್ತರರೂ ಆ ದಿನ ಮೊದಲ ಬಾರಿಗೆ ಒಂದೇ ಮಾತಾಡಿದರು: "ಖರೇ ಅದ್ರಿ, ಅವಂದೇ ಕೈ!"

"ನೋಡಿದ್ರೇನು, ಇವಂಗ ಎಷ್ಟು ನಾಚ್ಕಿ!" ಎಂದು ಸಾಹೇಬರು ದೇವಿದಾಸನ ಬೆನ್ನು ತಟ್ಟಿದರು. "ಆ ಪಾತ್ರಿ ತಳಾ ಕೆರೆದು ಒಂದ್ ಡಬ್ಬಿಗಿ ಹಾಕು. ರಾತ್ರಿಗಾತು."

ದೇವಿದಾಸ ಚಮಚ ಹಿಡಿದು ಕೆರೆಯತೊಡಗಿದ.